ಬೋಳು ಮೂತಿಯ ಕ್ಯಾರವಾನು

ಹುಳ ಬಣ್ಣ ತಿಂದದ್ದಲ್ಲ, ಪಕ್ಕದ ಮನೆಯವರೇ ಕೆರೆದು ತೆಗೆದದ್ದು.

ಅರಬಿ ದೇಶದ ಅಲ್ ಮುಂತಜಾ ಬಡಾವಣೆಯಲ್ಲಿ ನಾನು ಮಗಳ ಮನೆಯಲ್ಲಿದ್ದಾಗ ಅವರು ಪಕ್ಕದಲ್ಲಿದ್ದರು. ಡ್ರೈವರ್ ಕೆಲಸ. ಅವರು ಅರಬಾಬ್ ಅಂತ ಕರೆಯುವ ಅರಬಿ ಯಜಮಾನ ರಜೆಗೆ ಹೋಗುವಾಗ, ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನನ್ನು ಇವರಿಗೆ ಒಪ್ಪಿಸಿ, ಕದಲಿಸಬೇಡ ಅಂದಿದ್ದ. ಇವರೋ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, ಗಾಡಿ ತಮ್ಮದೇ ಅನ್ನುವ ಹಾಗೆ ಓಡಾಡುತ್ತಿದ್ದರು. ಏನು ಹೇಳಿದರೂ ಒಂದೇ ಮಾತು: "ನಂಗೆ ಗೊತ್ತುಂಟು ಅಮ್ಮ."

ಒಂದು ಶುಕ್ರವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಗಾಡಿ ಎಳೆದುಕೊಂಡು ಸಮುದ್ರಕ್ಕೆ ಹೋಗಿ ಬಂದರು. ಬೆಳಿಗ್ಗೆ ನೋಡಿದರೆ ಕ್ಯಾರವಾನಿನ ಮೂತಿ ತುಂಬ ಹುಳಗಳು ಅಪ್ಪಚ್ಚಿಯಾಗಿ ಒಣಗಿ ಅಂಟಿವೆ. ಯಜಮಾನ ಸಂಜೆಗೆ ಬರುವವನು. ಕಂಡರೆ ಕೆಲಸ ಹೋಯಿತು.

"ಒದ್ದೆ ಬಟ್ಟೆ ಹೊದಿಸಿ, ಸ್ವಲ್ಪ ನೆನೆಯಲಿ" ಅಂದೆ.

"ನಂಗೆ ಗೊತ್ತುಂಟು ಅಮ್ಮ. ನಿಮ್ಮ ಪಾತ್ರೆ ತಿಕ್ಕುವ ಸ್ಟೀಲ್ ನಾರು ಕೊಡಿ."

ತಿಕ್ಕಿದರು. ಹುಳ ಹೋಯಿತು, ಜೊತೆಗೆ ಬಣ್ಣವೂ ಹೋಯಿತು.

ಸಂಜೆ ಯಜಮಾನ ಆ ಬೋಳು ಮೂತಿಗೆ ಬೆರಳಿಟ್ಟು, ಹರಕು ಹಿಂದಿಯಲ್ಲಿ ಇದೇನು ಅಂತ ಕೇಳಿದ.

"ಹುಳ ಬಣ್ಣ ತಿಂದದ್ದು ಅರಬಾಬ್. ರಸ್ತೆಯಲ್ಲಿ ಬಂದು ಬಡಿದು ಬಡಿದು..."

"ನಿಲ್ಲಿಸಿಟ್ಟ ಗಾಡಿಗೆ ಯಾವ ರಸ್ತೆ?" ಅಂದು ಯಜಮಾನ ಅಂಗೈ ಚಾಚಿದ. ಬೀಗದ ಕೈ ಅದರೊಳಗೆ ಬಿತ್ತು. "ಖಲಾಸ್."

ಮರುದಿನ ಬೆಳಿಗ್ಗೆ ಹೋಗಿ ನನ್ನ ನಾರು ವಾಪಸ್ ಕೇಳಿದೆ. ಅವರು ಪೆಟ್ಟಿಗೆ ಕಟ್ಟುತ್ತಿದ್ದರು. ನಾರಿಗೆ ಬಿಳಿ ಬಣ್ಣ ಮೆತ್ತಿತ್ತು.

"ತೊಳೆದು ಕೊಡ್ತೇನೆ ಅಮ್ಮ."

"ಬೇಡ, ತೊಳೆಯುವುದು ನಂಗೆ ಗೊತ್ತುಂಟು" ಅಂದು ತಂದು, ನೀರಲ್ಲಿ ನೆನೆಹಾಕಿದೆ.