ಅಜ್ಜಿಯ ಪಗಡೆ ದಾಳ, ನನ್ನ ಗಿಟಾರು

ನಮ್ಮ ಮನೆಯ ಹಿತ್ತಿಲಲ್ಲಿ ದಿನಾ ಬುಟ್ಟಿಗಟ್ಟಲೆ ರೇಷ್ಮೆ ಗೂಡುಗಳನ್ನು ಹುಳುವಿನ ಸಮೇತ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಿದ್ದರು. ಅದರಿಂದ ಯಾರ ಮಡಿಗೂ ಭಂಗ ಬಂದಿರಲಿಲ್ಲ. ಆದರೆ ಬೆರಳುದ್ದದ ಎರಡು ಮೂಳೆಯ ಚೂರುಗಳು ಹಜಾರದಲ್ಲಿವೆ ಎಂದು ಗೊತ್ತಾದ ದಿನ ಮನೆ ತಲೆಕೆಳಗಾಯಿತು. ಅವನ್ನು ಮನೆಗೆ ತಂದವಳು ನಾನು. ಅವು ಮೂಳೆ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದವಳೂ ನಾನೇ.

ಕೊಳ್ಳೇಗಾಲ ಆಗ ಇನ್ನೂ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿ ಹನೂರಿನಾಚೆಯ ಒಂದು ಕ್ರೈಸ್ತರ ಊರಿನವಳು. ಅವಳ ಹತ್ತಿರ ಒಂದು ಗಿಟಾರು ಇತ್ತು. ಯಾರೋ ಬಿಳಿ ಪಾದ್ರಿ ಊರು ಬಿಟ್ಟು ಹೋಗುವಾಗ ಅವಳ ತಂದೆಗೆ ಕೊಟ್ಟು ಹೋದದ್ದು. ಶಾಲೆ ಬಿಟ್ಟ ಮೇಲೆ ಅವಳು ಅದನ್ನು ನುಡಿಸುತ್ತಿದ್ದರೆ ನಾನು ಮನೆಗೆ ಹೋಗುವುದನ್ನೇ ಮರೆಯುತ್ತಿದ್ದೆ. ಅಷ್ಟು ಆಸೆ ನನಗೆ ಬೇರೆ ಯಾವ ವಸ್ತುವಿನ ಮೇಲೂ ಆದದ್ದಿಲ್ಲ, ಒಡವೆಯ ಮೇಲೂ ಇಲ್ಲ.

ಅವಳಿಗೆ ಕೊಯಮತ್ತೂರಿನಲ್ಲಿ ಒಂದು ವರ್ಷದ ಟ್ರೈನಿಂಗ್ ಬಂತು. ಹೊರಡುವ ಹಿಂದಿನ ದಿನ ಗಿಟಾರನ್ನು ನನ್ನ ಕೈಗಿಟ್ಟು ಒಂದು ಷರತ್ತು ಹಾಕಿದಳು.

"ನಾ ಬರೋದ್ರೊಳಗೆ ಒಂದು ಹಾಡು, ಒಂದೇ ಒಂದು, ಸುರುವಿಂದ ಕೊನೇಗಂಟ ಚೆನ್ನಾಗಿ ನುಡಿಸು. ಗಿಟಾರು ನಿಂದೇ. ಇಲ್ಲಾಂದ್ರೆ ನನ್ನ ತಮ್ಮನಿಗೆ ಕೊಟ್ಬುಡ್ತೀನಿ."

ಅವಳ ತಮ್ಮನನ್ನು ನಾನು ನೋಡಿದ್ದೆ. ಆ ಮಹಾನುಭಾವನ ಕೈಗೆ ಸಿಕ್ಕಿದ್ದರೆ ಗಿಟಾರು ಒಂದು ವಾರದಲ್ಲಿ ಕ್ರಿಕೆಟ್ ಬ್ಯಾಟಾಗುತ್ತಿತ್ತು.

ಮನೆಗೆ ತಂದಾಗ ಅಪ್ಪ ಹುಬ್ಬು ಗಂಟಿಕ್ಕಿದರು. ಆದರೆ ನಮ್ಮ ಮನೆಯಲ್ಲಿ ಅಪ್ಪನ ಹುಬ್ಬಿಗಿಂತ ಅಜ್ಜಿಯ ಮಾತು ದೊಡ್ಡದು. ಅಪ್ಪನ ತಾಯಿ ಅವರು. ಎದೆಯ ಮೇಲೆ ಲಿಂಗ, ಹಣೆಯ ತುಂಬ ವಿಭೂತಿ. ಕೈಯಲ್ಲಿ ಸದಾ ಎರಡು ಪಗಡೆ ದಾಳ. ಬೆರಳುದ್ದದ, ನಾಲ್ಕು ಮಗ್ಗುಲಿನ, ಮೈಮೇಲೆ ಸುತ್ತು ಗೆರೆಯ ಚುಕ್ಕಿ ಕೊರೆದ ಆ ದಾಳಗಳು ಅವರ ಅತ್ತೆ ಕೊಟ್ಟದ್ದಂತೆ. ಆನೆದಂತದವು ಎಂದು ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ಅಜ್ಜಿ ಗಿಟಾರನ್ನು ಒಮ್ಮೆ ತಟ್ಟಿ ನೋಡಿ, "ವೀಣೆಗೆ ಸೋದರಳಿಯ ಇದ್ದಂಗದೆ. ಇರ್ಲಿ ಬುಡು" ಎಂದರು. ಅಪ್ಪನ ಹುಬ್ಬು ಸಡಿಲವಾಯಿತು.

ಶಾಲೆ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಪಕ್ಕದ ಮನೆಯ ಮುದುಕಿಯ ಜೊತೆ ಪಗಡೆಗೆ ಕೂರುತ್ತಿದ್ದರು. ಆ ಮುದುಕಿ ಒಮ್ಮೆ ತಮಾಷೆಗೆ ಅಜ್ಜಿಯ ದಾಳವೊಂದನ್ನು ಬಚ್ಚಿಟ್ಟು ಅದೇ ಅಳತೆಯ ಮರದ ದಾಳ ಎಸೆದಿದ್ದಳು. ಎಲೆ ಅಡಿಕೆ ಮಡಿಸುತ್ತಿದ್ದ ಅಜ್ಜಿ ತಲೆ ಎತ್ತಲೇ ಇಲ್ಲ. "ನನ್ನ ದಾಳ ಮಡಗ್ಬುಟ್ಟು ಆಡು" ಎಂದರು. ಅಂಥ ಕಿವಿ ಅವರದು. ಆಟ ಮುಗಿದ ಮೇಲೆ ನಾನು ಗಿಟಾರು ಹಿಡಿದು ಕೂತರೆ ಅಜ್ಜಿ ಅಲ್ಲೇ ಚಾಪೆಯ ಮೇಲೆ ಒರಗಿ ನಿದ್ದೆ ಹೋಗುತ್ತಿದ್ದರು. ನಾನು ಕಲಿಯಲು ಆರಿಸಿಕೊಂಡದ್ದು ಅವರೇ ರಾಗಿ ಬೀಸುವಾಗ ಹೇಳುತ್ತಿದ್ದ ಒಂದು ಹಾಡು. ನಾಲ್ಕು ತಿಂಗಳಲ್ಲಿ ಅರ್ಧ ಹಾಡು ಕೈಗೆ ಹತ್ತಿತ್ತು.

ಆಗ ಗೆಳತಿಯ ಕಾಗದ ಬಂತು. ನಮ್ಮಲ್ಲಿ ಯಾರಿಗೆ ಕಾಗದ ಬಂದರೂ ಜಗುಲಿಯ ಮೇಲೆ ಕೂತು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅಪ್ಪ ಕೇಳುತ್ತಾರೆ, ನೂಲು ತೆಗೆಯುವ ಹೆಂಗಸರು ಕೇಳುತ್ತಾರೆ, ಬೀದಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಂತು ಕೇಳುತ್ತಾರೆ. ನಾನು ಮೇಷ್ಟರಮ್ಮನ ಗತ್ತಿನಲ್ಲಿ ಓದುತ್ತಾ ಹೋದೆ. ಹಾಸ್ಟೆಲ್ ಊಟದ ಗೋಳು, ಮಳೆ, ಪರೀಕ್ಷೆ. ಆಮೇಲೆ ಅದೇ ಉಸಿರಿನಲ್ಲಿ: "ಗಿಟಾರಿನ ತಂತಿ ಕೂರುವ ಬಿಳಿ ಪಟ್ಟಿಗಳು ಎರಡೂ ಎತ್ತಿನ ಮೂಳೆಯವು, ಬೆವರು ತಾಗಿದರೆ ಒರೆಸಿಡು."

ಬಾಯಿ ಓದಿದ ಮೇಲೆ ಬುದ್ಧಿಗೆ ಹೊಳೆಯಿತು.

ಅಪ್ಪ, "ಏನಂದೆ?" ಎಂದರು.

ಅಜ್ಜಿ ಎದ್ದು ಅಡುಗೆಮನೆಯಿಂದ ಇಕ್ಕಳ ತಂದರು. ನನ್ನ ಕೈಯಿಂದಲೇ ತಂತಿ ಸಡಿಲಿಸಿದರು. ಗಿಟಾರಿನ ಹೊಟ್ಟೆಯ ಮೇಲಿನ ಪಟ್ಟಿ ಕಚ್ಚಿನಲ್ಲಿ ಸುಮ್ಮನೆ ಕೂತದ್ದು, ಇಕ್ಕಳಕ್ಕೆ ಸಲೀಸಾಗಿ ಬಂತು. ಕತ್ತಿನ ತುದಿಯದು ಅಂಟಿಸಿದ್ದು, ಅದಕ್ಕೆ ಸೌಟಿನ ಏಟು ಬೇಕಾಯಿತು. ತಂತಿ ಹಿಡಿಯುವ ಆರು ಕರಿ ಗೂಟಗಳನ್ನೂ ಒಂದೊಂದಾಗಿ ಕಿತ್ತು ಮೂಸಿ ನೋಡಿ, ಮರ ಎಂದು ಖಾತ್ರಿಯಾದ ಮೇಲೆ ಬಿಟ್ಟರು. ಪಟ್ಟಿಗಳು ಎರಡೂ ತಿಪ್ಪೆಗೆ ಹೋದವು. ಗಿಟಾರಿನ ಮೇಲೆ ವಿಭೂತಿ ನೀರು ಬಿತ್ತು. ಸಿಟ್ಟಿಗೆ ನಾನು ರೇಷ್ಮೆ ಹುಳುವಿನ ಮಾತು ಎತ್ತಿದೆ. "ಉಂಡು ತೊಟ್ಟು ಅದರಿಂದ್ಲೇ ಬದುಕ್ತಿದ್ದೀಯ, ಬಾಯ್ಮುಚ್ಚು" ಎಂದು ಅಪ್ಪ ಒಂದೇ ಏಟಿಗೆ ಬಾಯಿ ಮುಚ್ಚಿಸಿದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ, ಅದಂತೂ ಇನ್ನೂ ಉರಿಯಿತು.

ಗಿಟಾರು ಮನೆಯಲ್ಲಿರಬಹುದು, ಮೂಳೆ ಇರಕೂಡದು ಎಂಬುದು ಕೊನೆಗೆ ಆದ ತೀರ್ಮಾನ. ಹಾಗಾದರೆ ಬೇರೆ ಯಾವುದಾದರೂ ಮಾಡಿಸಿದರಾಯಿತು ಎಂದುಕೊಂಡೆ. ಚೂರು ತಾನೆ, ಅದರಲ್ಲೇನಿದೆ ಎಂಬುದು ನನ್ನ ಲೆಕ್ಕಾಚಾರ. ಎಷ್ಟು ದಡ್ಡಿ ನಾನು!

ಭಾನುವಾರ ಬಸ್ಸು ಹತ್ತಿ ಯಳಂದೂರಿಗೆ ಹೋದೆ. ಅಲ್ಲಿ ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಒಬ್ಬ ಮುದಿ ಬಡಗಿ ಇದ್ದ. ಹರೆಯದಲ್ಲಿ ಮೈಸೂರಿನಲ್ಲಿ ಬೀಟೆ ಮರಕ್ಕೆ ದಂತ ಕೂರಿಸುವ ಕೆಲಸ ಮಾಡಿದವನು, ಈಗ ಮಗ್ಗದ ಸಾಮಾನು ಮಾಡುತ್ತಿದ್ದ. ಯಳಂದೂರು ಮೈಸೂರು ಸೀಮೆ. ನಾವು ಹೋದರೆ ಸಾಕು, "ಮದ್ರಾಸ್ನೋರು ಬಂದ್ರು, ಜಾಗ ಬುಡ್ರಪ್ಪಾ" ಎಂದು ರೇಗಿಸುತ್ತಿದ್ದ. ಗಿಟಾರನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು ನೋಡಿ, ಮೊದಲು ಬೀಟೆಯಲ್ಲಿ ಎರಡು ಪಟ್ಟಿ ಮಾಡಿಕೊಟ್ಟ. ನೋಡಲು ಬಲು ಚೆಂದ. ನುಡಿಸಿದರೆ ಸ್ವರ ಕಂಬಳಿ ಹೊದ್ದು ಮಲಗಿದಂತೆ. ತಂತಿ ಮೀಟಿದ ಕೂಡಲೇ ಸದ್ದು ಕರಗಿ ಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಅಜ್ಜಿ ಚಾಪೆಯ ಮೇಲೆ ಆ ಕಡೆ ಈ ಕಡೆ ಹೊರಳಿದರು. "ಏನೇ ಅದು, ಹಲಗೆ ಬಡಿದಂಗೆ?" ಎಂದರು.

ಮುಂದಿನ ಭಾನುವಾರ ಹಿತ್ತಾಳೆ. ಈ ಸಲ ಸದ್ದೇನೋ ಬಂತು, ನಿಲ್ಲಲೇ ಇಲ್ಲ! ಒಂದು ತಂತಿ ಮುಟ್ಟಿದರೆ ಆರೂ ಕಿಣಿಕಿಣಿ ಎನ್ನುತ್ತಿದ್ದವು. ಅಜ್ಜಿ ಎದ್ದು ಕೂತು, "ಕಂಚುಗಾರ ಬೀದಿಗೇ ಓಗಿ ಮಲಿಕತೀನಿ, ಅಲ್ಲೇ ವಾಸಿ" ಎಂದರು.

ಬಡಗಿಗೆ ಹಟ ಬಂತು. ಅವನ ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲು ಇತ್ತು. ಕೈಗೆ ಸಿಕ್ಕಿದ ಚೂರುಗಳನ್ನೆಲ್ಲ ಅದರ ಮೇಲೆ ಬೀಳಿಸಿ ಕಿವಿಗೊಟ್ಟು ಕೇಳುವುದು ಅವನ ಪದ್ಧತಿ. ಹುಣಸೆಮರದ ಗಟ್ಟಿ ಚೇಗು 'ಟೊಕ್' ಎಂದಿತು. ತೆಂಗಿನ ಕರಟ ಪರವಾಗಿರಲಿಲ್ಲ, ಆದರೆ ನೆಟ್ಟಗಿರಬೇಕಲ್ಲ! "ಕಲ್ಲಿಗೆ ಬಿದ್ದಾಗ 'ಕಣ್' ಅಂತ ಪುಟಿದು ಏಳ್ಬೇಕು ಕಣವ್ವಾ. ಕಲ್ಲಲ್ಲಿ ಕೂಗದ್ದು ತಂತೀಲಿ ಕೂಗದು," ಎಂದ. "ತಾನಾಗಿ ಉದುರಿದ ಕಡವೆ ಕೊಂಬಾದ್ರೂ ಸಿಕ್ಕಿದ್ರೆ ನೋಡು. ಜೀವ ತೆಗೆದದ್ದಲ್ಲ, ನಿಮ್ಮಜ್ಜಿ ಏನೂ ಅನ್ನಕಿಲ್ಲ."

ಕಡವೆ ಕೊಂಬು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ರಾಮಾಪುರದಲ್ಲಿ ಸೋದರಮಾವ ತಮ್ಮ ರುಮಾಲು ನೇತುಹಾಕುತ್ತಿದ್ದುದು ಕಾಡಿನಲ್ಲಿ ಸಿಕ್ಕ ಅಂಥದ್ದೇ ಒಂದು ಕೊಂಬಿಗೆ. ಹಬ್ಬಕ್ಕೆ ಹೋದಾಗ, ಅವರು ಹೊಲಕ್ಕೆ ಹೋಗಿರುವ ಹೊತ್ತು ನೋಡಿ, ಒಂದು ಕವಲನ್ನು ಗರಗಸದಿಂದ ಕುಯ್ದು ಬ್ಯಾಗಿಗೆ ಹಾಕಿಕೊಂಡೆ. ಸಂಜೆ ಮಾವ ಬಂದು ಅಭ್ಯಾಸಬಲದಿಂದ ರುಮಾಲನ್ನು ಇಲ್ಲದ ಕವಲಿಗೆ ಹಾಕಿದರು. ಅದು ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಹಾಕಿದರು. ಮತ್ತೆ ಬಿತ್ತು. ಮೂರನೇ ಸಲಕ್ಕೆ ನಾನು ನಗು ತಡೆಯಲಾರದೆ ಹಿತ್ತಿಲಿಗೆ ಓಡಿದೆ, ಸಿಕ್ಕಿಬಿದ್ದೆ, ಬೈಸಿಕೊಂಡೆ.

ಅಷ್ಟೆಲ್ಲ ಮಾಡಿ ತಂದ ಕೊಂಬು ಅರ್ಧ ಮಾತ್ರ ಒಲಿಯಿತು. ಅದರ ಹೊರಮೈ ಗಟ್ಟಿ, ಒಳಗೆ ಸಣ್ಣ ಸಣ್ಣ ತೂತಿನ ಮೆದು ತಿರುಳು. ಗಟ್ಟಿಯ ಮೇಲೆ ಕೂತ ತಂತಿಗಳು ಹಾಡಿದವು. ತಿರುಳಿನ ಮೇಲೆ ಕೂತ ಎರಡು ತಂತಿಗಳು ಮೂಗರಂತೆ ಗೊಣಗಿದವು. ಬೀಸುವ ಹಾಡಿನ ಜೀವವೆಲ್ಲ ಆ ಎರಡರಲ್ಲೇ ಇತ್ತು. ಅಷ್ಟರಲ್ಲಿ ಗೆಳತಿ ಬರುವುದಕ್ಕೆ ಒಂದು ತಿಂಗಳು ಉಳಿದಿತ್ತು. ನಾನು ಹಜಾರದ ಕಂಬಕ್ಕೆ ಒರಗಿ ಕೂತು ಅತ್ತೆ. ಕದ್ದು ಮುಚ್ಚಿಯಲ್ಲ, ಚೆನ್ನಾಗಿಯೇ ಅತ್ತೆ.

ಅಜ್ಜಿ ಪಗಡೆ ಹಾಸು ಬಿಡಿಸುತ್ತಿದ್ದವರು ನಿಲ್ಲಿಸಿದರು. ಒಂದು ದಾಳವನ್ನು ಕಲ್ಲುಹಾಸಿನ ಮೇಲೆ ಎಸೆದರು. ಅದು 'ಕಣ್' ಎಂದು ಪುಟಿದು ನನ್ನ ಕಾಲ ಬಳಿ ಬಂದು ನಿಂತಿತು. ಆಮೇಲೆ ಮನೆಯ ಮುಂದಿನ ನಮ್ಮ ನೂಲಿನ ಅಂಗಡಿಯಲ್ಲಿ ಕೂತ ಅಪ್ಪನಿಗೂ, ಹಿತ್ತಿಲ ಹೆಂಗಸರಿಗೂ ಕೇಳುವಂತೆ ಗಂಟಲೆತ್ತಿದರು.

"ತಕ್ಕಾ ಓಗು. ಆನೆದಂತ ಕಣೇ ಇದು! ದಂತಕ್ಕೆ ಯಾವ ಮೈಲಿಗೆ? ಗಣಪತಿ ಮೂತೀಲೇ ಇಲ್ವಾ?"

ಅಪ್ಪ ಬಗ್ಗಿ ನೋಡಿ, ದಂತವಾದರೆ ಅಡ್ಡಿಯಿಲ್ಲ ಎಂದರು. ಒಂದೇ ದಾಳದಲ್ಲಿ ಪಗಡೆ ಆಡುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, "ಕವಡೇಲಿ ಆಡ್ತೀನಿ, ಓಗು ಓಗು" ಎಂದು ಕೈ ಬೀಸಿದರು.

ಯಳಂದೂರಿನ ಬಡಗಿ ದಾಳವನ್ನು ಚಪ್ಪಡಿಯ ಮೇಲೆ ಬೀಳಿಸಿ ಕೇಳಿದ್ದೇ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಉದ್ದಕ್ಕೆ ಎರಡಾಗಿ ಸೀಳಿ, ಒಂದು ಹೋಳಿನಲ್ಲಿ ಹೊಟ್ಟೆಯ ಪಟ್ಟಿ, ಇನ್ನೊಂದರಲ್ಲಿ ಕತ್ತಿನ ಪಟ್ಟಿ ಮಾಡಲು ಕೂತ. ಸೀಳಿದ ಮೈಯನ್ನು ಬಿಸಿಲಿಗೆ ಹಿಡಿದವನು ನಗು ನಿಲ್ಲಿಸಿದ.

"ದಂತ ಅಂದ್ರಾ ನಿಮ್ಮಜ್ಜಿ?"

"ಹೂಂ. ಯಾಕೆ?"

"ದಂತ ಕುಯ್ದು ಕುಯ್ದೇ ನನ್ನ ಕಣ್ಣು ಓಗಿದ್ದು ಕಣವ್ವಾ. ದಂತದಲ್ಲಿ ಬಲೆ ಎಣೆದಂಗೆ ಸಣ್ಣ ಗೆರೆ ಇರ್ತವೆ. ಇಲ್ಲಿ ನೋಡು, ಸೂಜಿ ಚುಚ್ಚಿದಂಗೆ ಕರಿ ಚುಕ್ಕಿ. ಇದು ಮೂಳೆ. ಒಳ್ಳೆ ಮಾಗಿದ ಎತ್ತಿನ ಮೂಳೆ."

ಐವತ್ತು ವರ್ಷದಿಂದ ಪೂಜೆಯ ಕೈಯಲ್ಲೇ ಹಿಡಿದು ಆಡಿದ ಅಜ್ಜಿಗೆ ಇದನ್ನು ಹೇಗೆ ಹೇಳಲಿ? ಹೇಳಿದರೆ ಮುದುಕಿ ಎದೆಯೊಡೆದುಕೊಳ್ಳುತ್ತಾರೆ, ಗಿಟಾರೂ ಹೋಗುತ್ತದೆ. ಹೇಳದಿದ್ದರೆ ದಿನಾ ಮೋಸ. ಬಡಗಿ ನನ್ನ ಮುಖ ನೋಡಿ, "ನಾನೇನೂ ನೋಡಿಲ್ಲ, ನೀನೇನೂ ಕೇಳಿಲ್ಲ" ಎಂದು ಅರ ಹಿಡಿದ. ನಾನು ಬಾಯಿ ಮುಚ್ಚಿಕೊಂಡೆ. ಗಿಟಾರಿನ ಆಸೆಗೇ ಮುಚ್ಚಿಕೊಂಡೆ, ಅಜ್ಜಿಯ ಮೇಲಿನ ಪ್ರೀತಿಗೆ ಎಂದು ಈಗ ಸುಳ್ಳು ಹೇಳಲಾರೆ.

ಮನೆಗೆ ಬಂದು ತಂತಿ ಬಿಗಿದು ಮೀಟಿದೆ. ಹಳೆಯ ಸ್ವರ ಬಂದಿತ್ತು. ತಂತಿಗೆ ಒಂದರಂತೆ ಆರೂ ಬಿಡಿಬಿಡಿಯಾಗಿ, ತುಂಬಿಕೊಂಡು, ಬೇಕಾದಷ್ಟು ಹೊತ್ತು ನಿಂತು ಆಮೇಲೆ ಹೋಗುತ್ತಿದ್ದವು. ಮಧ್ಯಾಹ್ನ ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಜ್ಜಿಯ ಗೊರಕೆ ಕೇಳಿಸಿತು.

ಹೇಳಿದ ಹೊತ್ತಿಗೆ ಗೆಳತಿ ಬಂದಳು. ನಾನು ಸುರುವಿನಿಂದ ಕೊನೆಯವರೆಗೆ ನುಡಿಸಿದೆ, ಎಲ್ಲೂ ಎಡವಲಿಲ್ಲ. ಅವಳು ಗಿಟಾರನ್ನು ತಿರುಗಿಸಿ, ಪಟ್ಟಿಯ ಮಗ್ಗುಲಲ್ಲಿ ಉಳಿದಿದ್ದ ಪಗಡೆ ಚುಕ್ಕಿಯ ಮೇಲೆ ಬೆರಳಾಡಿಸಿ, "ಇದ್ಯಾವುದ್ರಲ್ಲಿ ಮಾಡ್ಸಿದೆ? ಸೇಮ್ ನಮ್ಮ ಮೂ..." ಎಂದು ಬಾಯಿ ತೆಗೆದಳು.

"ಆನೆದಂತ!" ಎಂದರು ಅಜ್ಜಿ ಒಳಗಿನಿಂದ. "ಕಾಫಿ ಕುಡೀರಿ ಬನ್ನಿ."

ಗಿಟಾರು ನನ್ನದಾಯಿತು. ಗೆಳತಿಯನ್ನು ಬಸ್ಸು ಹತ್ತಿಸಿ ಬಂದವಳಿಗೆ ಇನ್ನು ತಡೆಯಲಾಗಲಿಲ್ಲ. ಅಜ್ಜಿಯ ಪಕ್ಕ ಚಾಪೆಯ ಮೇಲೆ ಕೂತು, ಬಡಗಿ ಹೇಳಿದ್ದನ್ನೆಲ್ಲ ಪಿಸುಮಾತಿನಲ್ಲಿ ಒಪ್ಪಿಸಿದೆ. ಇಕ್ಕಳ ತರಲು ಏಳುತ್ತಾರೆ ಎಂದುಕೊಂಡೆ. ಅಜ್ಜಿ ಎಲೆಗೆ ಸುಣ್ಣ ಸವರುವುದನ್ನೂ ನಿಲ್ಲಿಸಲಿಲ್ಲ.

"ಮದುವೆಯಾಗಿ ಬಂದಾಗ ಹನ್ನೊಂದು ವರ್ಷ ನಂಗೆ," ಎಂದರು. "ನಮ್ಮತ್ತೆ ದಂತ ಅಂತ ಕೊಟ್ರು. ಮೊದಲ್ನೇ ಸಲ ಎಸೆದಾಗ್ಲೇ ಕಿವಿಗೆ ಗೊತ್ತಾಯ್ತು. ನಮ್ಮವ್ವನ ಮನೇಲಿ ನಿಜವಾದ ದಂತದ ದಾಳ ಇದ್ವು, ಅದರ ಸದ್ದೇ ಬ್ಯಾರೆ. ಬಾಯಿ ಬುಟ್ಟಿದ್ರೆ ತಿಪ್ಪೆಗೆ ಓಗ್ತಿದ್ವು. ಇಷ್ಟು ದೊಡ್ಡ ಮನೇಲಿ ನಂಗೆ ಅಂತ ಇದ್ದದ್ದು ಅದೊಂದೇ ಆಟ ಕಣವ್ವಾ."

"ಮತ್ತೆ ನನ್ನ ಪಟ್ಟಿ ಯಾಕೆ ಕಿತ್ತೆ?" ಎಂದೆ.

"ಜಗುಲಿ ಮೇಲೆ ಕೂತು ಊರಿಗೆಲ್ಲ ಓದ್ಬುಟ್ಯಲ್ಲ, ನಾನೇನು ಮಾಡ್ಲಿ? ಆ ಸಾಲು ಬಂದಾಗ ಒಸಿ ಕೆಮ್ಮಬಾರ್ದಾಗಿತ್ತಾ?"

ಎಲೆ ಬಾಯಿಗಿಟ್ಟುಕೊಂಡು, ಸೆರಗಿನ ಗಂಟು ಬಿಚ್ಚಿ ಉಳಿದ ಇನ್ನೊಂದು ದಾಳವನ್ನು ತೆಗೆದು ನನ್ನ ಅಂಗೈಗಿಟ್ಟರು.

"ಅದು ಸವೆದ್ರೆ ಇದ ಹಾಕಿಸ್ಕೊ. ಈಗ ನುಡಿಸು, ನಿದ್ದೆ ಬತ್ತಾದೆ."