ತಿಂಥಣಿಯ ಹೊಳೆದಾರಿ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸುರಪುರ ಸೀಮೆಯ ಹೆಂಗಸರು ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತರೆ ಮೊದಲು ಮೌನಮ್ಮನ ಮನೆಗೆ ಬರುತ್ತಿದ್ದರು. ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ಅವಳ ಮನೆ. ಸಂಕ್ರಾಂತಿ ಕಳೆದು ಹೊಳೆ ಇಳಿದ ಮೇಲೆ ಅವಳು ಗುಂಪಿನ ಮುಂದೆ ನಡೆಯುತ್ತಿದ್ದಳು. ನಸುಕಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ತಿಂಥಣಿ. ಎಲ್ಲಿ ಮರಳು ಕಾಲು ಹಿಡಿಯುತ್ತದೆ, ಹಳ್ಳವನ್ನು ಎಲ್ಲಿ ದಾಟಬೇಕು ಎನ್ನುವುದು, ಹುಡುಗಿಯಾಗಿದ್ದಾಗ ಮೀನು ಹಿಡಿಯುವ ಅಪ್ಪನ ಹಿಂದೆ ತಿರುಗಿ ಅವಳಿಗೆ ಗೊತ್ತಾಗಿತ್ತು.

ಅವಳ ಗಂಡ ಅಮರಪ್ಪ ಹರಿಗೋಲು ಹಾಕುತ್ತಿದ್ದ. ಒಂದು ಮಳೆಗಾಲ ಹರಿಗೋಲು ಮಗುಚಿ ಹೊಳೆಯ ಪಾಲಾದ. ಅಂದಿನಿಂದ ಅವನ ತಾಯಿ ಮಲ್ಲಿಕಮ್ಮ ಹೊಳೆಯತ್ತ ಮುಖ ಮಾಡಿರಲಿಲ್ಲ. ದೂರದ ಬಾವಿಯಿಂದ ನೀರು ತರುತ್ತಿದ್ದಳು, ಮೀನು ಬಿಟ್ಟಿದ್ದಳು. ಮನೆಯಲ್ಲಿ ಹೊಳೆಯ ಹೆಸರೆತ್ತಬಾರದೆಂದು ಸೊಸೆಗೆ ಹೇಳಿಬಿಟ್ಟಿದ್ದಳು. ಹೊಟ್ಟೆಪಾಡಿಗೆ ಅದೇ ಹೊಳೆಯ ದಾರಿ ಹಿಡಿದ ಸೊಸೆಯನ್ನು ಮಾತ್ರ ತಡೆಯಲಿಲ್ಲ.

ಒಂದು ವರ್ಷ ಗುಂಪು ಹೊರಡುವ ಹಿಂದಿನ ದಿನ ಮಲ್ಲಿಕಮ್ಮ ಇದ್ದಕ್ಕಿದ್ದಂತೆ ತಾನೂ ಬರುತ್ತೇನೆಂದಳು. ಮೌನಮ್ಮ ಬುತ್ತಿಗೆ ಎರಡು ರೊಟ್ಟಿ ಹೆಚ್ಚು ತಟ್ಟಿದಳು.

ಆ ಸಲದ ಗುಂಪಿನಲ್ಲಿ ಸುರಪುರದ ಕಚೇರಿ ಜವಾನ ಖಾಜಾಹುಸೇನನ ಹೆಂಡತಿ ಆಮೀನಾ ಇದ್ದಳು. ಮುಸಲ್ಮಾನರೂ ನಡೆದುಕೊಳ್ಳುವ ಆ ದೇವರಿಗೆ, ಗಂಡನ ಜ್ವರ ಇಳಿದರೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು, ಇಳಿದಿತ್ತು. ಊರು ಮರೆಯಾದ ಮೇಲೆ ಬುರ್ಖಾ ತೆಗೆದು ಮಡಚಿ ತಲೆಯ ಮೇಲಿಟ್ಟುಕೊಂಡಳು. ಮುದುಕಿ ಮಲ್ಲಿಕಮ್ಮ ನಿಧಾನ ನಡೆಯುವುದನ್ನು ಕಂಡು ಅವಳ ಜೊತೆಗೇ ಉಳಿದಳು.

ದಾರಿಯಲ್ಲಿ ಒಂದು ತಿರುವಿದೆ. ಅಮರಪ್ಪ ಮುಳುಗಿದ್ದು ಅಲ್ಲಿ. ಮೌನಮ್ಮ ಪ್ರತಿವರ್ಷ ಅಲ್ಲಿ ದಂಡೆ ಬಿಟ್ಟು, ದಂಡೆಯಲ್ಲಿ ಮುಳ್ಳು ಬಹಳ ಎಂದು ಹೇಳಿ, ಹೊಲದ ಬದುವಿನ ಮೇಲೆ ಎಲ್ಲರನ್ನೂ ಸುತ್ತಿಸಿ ಒಯ್ಯುತ್ತಿದ್ದಳು. ಆ ವರ್ಷ ಹೊಲದವರು ಜೋಳಕ್ಕೆ ದನ ನುಗ್ಗದಂತೆ ಬದುವಿನುದ್ದಕ್ಕೂ ಬೇಲಿ ಬಡಿದಿದ್ದರು. ಅವಳು ಬೇಲಿಯ ಮುಂದೆ ನಿಂತಳು. ಹಿಂದಿನವರೂ ನಿಂತರು.

ಮಲ್ಲಿಕಮ್ಮ ಮುಂದೆ ಬಂದು ಸೊಸೆಯ ಮುಖ ನೋಡಿದಳು. “ಇಲ್ಲೇ ಏನು?”

“ಹೌದತ್ತಿ. ಆ ಕರೀ ಕಲ್ಲು ಕಾಣ್ತದಲ್ಲ, ಅದರ ಆಚಿಗಿ.”

ಆಮೀನಾ ಕೈ ಕೊಟ್ಟಳು. ಮುದುಕಿ ಆ ಕೈ ಹಿಡಿದು ಮರಳಿಗೆ ಇಳಿದಳು. ಕಲ್ಲಿನ ಸುತ್ತ ನೀರು ಮೊಣಕಾಲುದ್ದವೂ ಇರಲಿಲ್ಲ. ತಳದ ಹರಳು ಕಾಣುತ್ತಿದ್ದವು. ಇಷ್ಟೂ ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಮಲ್ಲಿಕಮ್ಮ ಕಂಡಿದ್ದು ತಳವಿಲ್ಲದ ಒಂದು ಕಪ್ಪು ಮಡುವನ್ನು.

“ಇಷ್ಟೇ ನೀರೇನ?” ಎಂದಳು.

“ಅವತ್ತು ಈ ಕಲ್ಲು ಕಾಣ್ತಿದ್ದಿಲ್ಲತ್ತಿ.”

ಮಲ್ಲಿಕಮ್ಮ ಇಷ್ಟು ವರ್ಷ ಒಳಗೇ ಕೊರೆಯುತ್ತಿದ್ದುದನ್ನು ಕೇಳಿದಳು. “ಅಂಬಿಗರ ಮಗ ಅಂವ. ಈಸಾಕ ಆಗಲಿಲ್ಲೇನು ಅವಗ?”

“ಈಸಿದನತ್ತಿ. ಒಬ್ಬಾಕಿ ಬಾಣಂತೀನ ದಂಡಿಗಿ ತಂದು ಬಿಟ್ಟ. ಅಕೀ ತಮ್ಮ ಇನ್ನೂ ನೀರಾಗಿದ್ದ. ಅವನ್ನ ತರಾಕ ಹೊಳ್ಳಿ ಹೋದ. ಅಕೀನ ಬಂದು ನನಗ ಹೇಳಿದಳು.”

“ನನಗ್ಯಾಕ ಹೇಳಲಿಲ್ಲ?”

“ಹೊಳಿ ಹೆಸರು ತೆಗೀಬ್ಯಾಡ ಅಂದಿದ್ದಿ.”

ಮುದುಕಿ ಅಳಲಿಲ್ಲ. ಬಗ್ಗಿ ಮುಖ ತೊಳೆದುಕೊಂಡಳು, ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಹಸಿವಾಗಿದೆ, ಇಲ್ಲೇ ಬುತ್ತಿ ಬಿಚ್ಚಿರಿ ಎಂದು ಎಲ್ಲರಿಗೂ ಹೇಳಿದಳು. ಬಿಸಿಲು ಇನ್ನೂ ಏರಿರಲಿಲ್ಲ, ಆದರೂ ಯಾರೂ ಬೇಡವೆನ್ನಲಿಲ್ಲ. ಮರಳಿನ ಮೇಲೆ ಕೂತು ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಹಂಚಿಕೊಂಡು ತಿಂದರು. ಮೌನಮ್ಮ ರೊಟ್ಟಿ ಹಿಡಿದುಕೊಂಡೇ ಕೂತಿದ್ದಳು. ಅತ್ತೆ ಅವಳ ಕೈಗೆ ಇನ್ನೊಂದು ಚೂರು ರೊಟ್ಟಿ ಇಟ್ಟು, ತಿನ್ನು ಎಂದಳು. ಆಗ ಮೌನಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ತಿಂದಳು.

ಅಲ್ಲಿಂದ ಮುಂದೆ ಮಲ್ಲಿಕಮ್ಮ ಆಮೀನಾಳಿಗೆ ಮಗನ ಸುದ್ದಿ ಹೇಳುತ್ತಲೇ ನಡೆದಳು. ಅವನು ಚಿಕ್ಕವನಿದ್ದಾಗ ಎಮ್ಮೆಯ ಬಾಲ ಹಿಡಿದು ಈಸು ಕಲಿತದ್ದು, ಈಸಿ ಬಂದವನಿಗೆ ತಾನು ಬೆತ್ತ ತೋರಿಸಿದ್ದು, ಎಲ್ಲವನ್ನೂ. ಮುಂದೆ ನಡೆಯುತ್ತಿದ್ದ ಮೌನಮ್ಮನಿಗೆ ಅದರಲ್ಲಿ ಎಷ್ಟೋ ಸಂಗತಿ ಹೊಸದು. ಅವಳು ತಿರುಗಿ ನೋಡಲಿಲ್ಲ, ಕೇಳಿಸುವಷ್ಟು ನಿಧಾನ ನಡೆದಳು. ಅಂದು ಅವರು ತಿಂಥಣಿ ಮುಟ್ಟಿದಾಗ ಚೆನ್ನಾಗಿ ಕತ್ತಲಾಗಿತ್ತು.

ಆ ಮೇಲೆ ಮೌನಮ್ಮ ಆ ತಿರುವಿನಲ್ಲಿ ಯಾರನ್ನೂ ಹೊಲ ಸುತ್ತಿಸಲಿಲ್ಲ. ಮಲ್ಲಿಕಮ್ಮ ಇನ್ನೂ ಎರಡು ಸಲ ನಡೆದಳು. ಆಮೇಲೆ ಒಂದು ಮಳೆಗಾಲ ನಾಲ್ಕು ದಿನ ಮಲಗಿ ತೀರಿಕೊಂಡಳು. ನಿಜಾಮರ ರಾಜ್ಯ ಮುರಿದು ಬೀಳುವ ಹೊತ್ತಿನಲ್ಲಿ ಹಿಂದೂ ಮುಸಲ್ಮಾನರ ನಡುವಿನ ಗಲಭೆಯ ಸುದ್ದಿ ಹಬ್ಬಿ ದಾರಿಗಳಲ್ಲಿ ಭಯ ಹುಟ್ಟಿತು. ಹರಕೆಯವರು ಮನೆಯಲ್ಲೇ ಉಳಿದರು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಆಮೀನಾ ಗಂಡನನ್ನು ಒಪ್ಪಿಸಿ ಒಬ್ಬಳೇ ಬಂದು ಮೌನಮ್ಮನ ಬಾಗಿಲು ತಟ್ಟಿದಳು. ಮೌನಮ್ಮ ಆ ರಾತ್ರಿಯೇ ಬುತ್ತಿಗೆ ರೊಟ್ಟಿ ತಟ್ಟಿದಳು. ಬೆಳಕು ಹರಿಯುವ ಮೊದಲೇ ಇಬ್ಬರೇ ದಂಡೆ ಹಿಡಿದು ನಡೆದರು.