ಒಂದೇ ಚಾನೆಲ್ಲಿನ ಅಣ್ಣ ತಮ್ಮ

ಅವನು ಕನ್ನಡಕದ ಗಾಜು ಉಜ್ಜುವವನು. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ವಾರಕ್ಕೆ ಆರು ದಿನ ದುಡಿಯುತ್ತಿದ್ದ. ಏಳನೆಯ ದಿನ ಊರಾಚೆಯ ಬೋಳುಗುಡ್ಡ ಹತ್ತಿ, ಇಂಜಿನ್ ಇಲ್ಲದ ಪುಟ್ಟ ವಿಮಾನವನ್ನು ಗಾಳಿಗೆ ಬಿಟ್ಟು, ಕೈಯಲ್ಲಿನ ರೇಡಿಯೊದಿಂದ ಅದನ್ನು ಆಡಿಸುತ್ತಿದ್ದ.

ಅಣ್ಣನೂ ಅಲ್ಲಿಗೇ ಬರುತ್ತಿದ್ದ. ಇಬ್ಬರ ರೇಡಿಯೊಗಳೂ ಅಪ್ಪ ಒಂದೇ ದಿನ ತಂದುಕೊಟ್ಟವು, ಒಂದೇ ಚಾನೆಲ್ಲಿನವು. ಎರಡನ್ನೂ ಒಟ್ಟಿಗೆ ಆನ್ ಮಾಡಿದರೆ ಮೇಲಿರುವ ವಿಮಾನ ಯಾರ ಮಾತೂ ಕೇಳದೆ ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಒಬ್ಬ ಹಾರಿಸುವಾಗ ಇನ್ನೊಬ್ಬ ಕೂತಿರಬೇಕು. ಗುಡ್ಡಕ್ಕೆ ವಾಕಿಂಗ್ ಬರುವವರು ಅವರನ್ನು ಸರದಿ ಸಹೋದರರು ಎಂದು ನಗುತ್ತಿದ್ದರು.

ಅಪ್ಪನ ಆಪರೇಷನ್ನಿಗೆ ಅಣ್ಣ, ತಮ್ಮನಿಗೆ ಹೇಳದೆ ಸಹಿ ಹಾಕಿದ್ದ. ಅಪ್ಪ ಬದುಕಲಿಲ್ಲ.

"ನನ್ನನ್ನ ಒಂದು ಮಾತು ಕೇಳೋಕಾಗಲಿಲ್ವಾ?" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ತಮ್ಮ ಕೇಳಿದ. ಅಲ್ಲಿಗೆ ಮಾತು ಬಿಟ್ಟುಹೋಯಿತು. ಗುಡ್ಡದ ಮೇಲೆ ಮಾತ್ರ ಬೇರೆ ದಾರಿಯಿರಲಿಲ್ಲ.

"ಆಫ್ ಮಾಡಿದ್ದೀಯಾ?"

"ಹ್ಞೂಂ, ಮಾಡಿದೀನಿ."

ಒಂಬತ್ತು ವರ್ಷ ಇಷ್ಟೇ. ರೇಡಿಯೊದ ಒಳಗಿರುವ ಉಗುರಿನಷ್ಟು ಹರಳನ್ನು ಬದಲಿಸಿದ್ದರೆ ಚಾನೆಲ್ ಬೇರೆಯಾಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬದಲಿಸಲಿಲ್ಲ.

ಈ ವರ್ಷ ತಮ್ಮನ ರೇಡಿಯೊ ಕೈಕೊಟ್ಟಿತು. ರಿಪೇರಿ ಅಂಗಡಿಯವಳು ಮುಚ್ಚಳ ಬಿಚ್ಚಿ ತಲೆಯಾಡಿಸಿದಳು.

"ಇದರ ಸ್ಪೇರ್ ಈಗ ಎಲ್ಲೂ ಸಿಗಲ್ಲ ಸರ್. ಹೊಸದು ತಗೊಳ್ಳಿ. ಚಾನೆಲ್ಲಿನ ಗೋಜೇ ಇಲ್ಲ. ಪಕ್ಕದಲ್ಲಿ ಹತ್ತು ಜನ ಹಾರಿಸಿದ್ರೂ ನಿಮ್ಮದು ನಿಮ್ಮ ಮಾತೇ ಕೇಳುತ್ತೆ."

ಅವನು ತಂದ. ಊಟದ ಮೇಜಿನ ಮೇಲೆ ವಿಮಾನದ ಹೊಟ್ಟೆ ಬಿಚ್ಚಿ ಹೊಸ ರಿಸೀವರ್ ಕೂರಿಸಿದ. ಗುಂಡಿ ಒತ್ತಿ ಹಿಡಿದಾಗ ಕೆಂಪು ದೀಪ ಮಿಟುಕಿ ಮಿಟುಕಿ, ಆಮೇಲೆ ನಿಂತು ಉರಿಯಿತು. ರೇಡಿಯೊ, ರಿಸೀವರ್ ಎರಡೂ ಜೋಡಿಯಾದವು. ಹೆಂಡತಿ ತಟ್ಟೆ ಇಡಲು ಜಾಗ ಕೇಳಿದಳು, ಎತ್ತಿಟ್ಟ.

ಭಾನುವಾರ ಅಣ್ಣ ವಿಮಾನವನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ಆಫ್ ಮಾಡಿದ್ದೀಯಾ?"

"ಇನ್ಮೇಲೆ ಕೇಳೋದು ಬೇಡ. ಇದು ಹೊಸದು, ನಿನ್ನದಕ್ಕೆ ಅಡ್ಡ ಬರಲ್ಲ."

ಅಣ್ಣ ಅದರ ಮೋಟು ಆಂಟೆನಾ ನೋಡಿದ. "ಓ. ಒಳ್ಳೇದಾಯ್ತು ಬಿಡು," ಎಂದು ಗುಡ್ಡದ ಆ ತುದಿಗೆ ಹೋಗಿ ನಿಂತ.

ಮೊದಲ ಸಲ ಎರಡೂ ಒಟ್ಟಿಗೆ ಮೇಲಿದ್ದವು. ತಮ್ಮನದು ಬೆರಳು ಸರಿಸಿದಷ್ಟೇ ತಿರುಗಿತು, ಒಮ್ಮೆಯೂ ನಡುಗಲಿಲ್ಲ. ಖುಷಿಯಾಗಬೇಕಿತ್ತು. ಬೇಸರವಾದರೂ ಆಗಬೇಕಿತ್ತು. ಹಲ್ಲು ಕೀಳುವ ಮುನ್ನ ಇಂಜೆಕ್ಷನ್ ಕೊಟ್ಟಾಗ ನಮ್ಮ ತುಟಿಯನ್ನೇ ಬೇರೆಯವರದೆಂಬಂತೆ ಮುಟ್ಟಿಕೊಳ್ಳುತ್ತೇವಲ್ಲ, ಹಾಗಿತ್ತು.

ನಾಲ್ಕನೆಯ ವಾರ ಅಣ್ಣ ಬರಲಿಲ್ಲ. ಐದನೆಯ ವಾರವೂ ಇಲ್ಲ. ತರಕಾರಿ ಕೊಳ್ಳುವಾಗ ಅತ್ತಿಗೆ ಸಿಕ್ಕಿದರು.

"ಮೊಣಕಾಲು ನೋವು ಅಂತಾರಪ್ಪ. ಮನೇಲಿ ಚೆನ್ನಾಗೇ ಓಡಾಡ್ತಾರೆ. ನೀನೊಂದ್ಸಲ ಬಂದು ಹೋಗು."

"ನೋಡೋಣ ಅತ್ತಿಗೆ."

ಅವನು ಹೋಗಲಿಲ್ಲ. ಹೋಗಬಾರದೆಂದೇನೂ ಇರಲಿಲ್ಲ, ಹೋಗಿ ಏನು ಮಾತಾಡುವುದೆಂದು ತಿಳಿಯಲಿಲ್ಲ. ಈಗಲೂ ಪ್ರತಿವಾರ ಗುಡ್ಡ ಹತ್ತುತ್ತಾನೆ. ಯಾರಿಗೂ ಕಾಯದೆ ಗಂಟೆಗಟ್ಟಲೆ ಹಾರಿಸುತ್ತಾನೆ. ಬ್ಯಾಟರಿ ಇಳಿದಾಗ ರೇಡಿಯೊ ಕುಂಯ್ ಎನ್ನುತ್ತದೆ. ಆಗ ವಿಮಾನ ಇಳಿಸಿ ಮನೆಗೆ ಬರುತ್ತಾನೆ.